ಸುಣ್ಣದ ಕುದಿತವೂ ನಾನು ಮಾಡದ ಪಾಠವೂ



ನಮ್ಮ ಬೈಲಹೊಂಗಲ, ಸವದತ್ತಿ ಸೀಮೆಯಲ್ಲಿ ಹಿಂದೆ ದೀಪಾವಳಿ ಸಮೀಪಿಸಿತೆಂದರೆ ಮನೆಮನೆಯ ಅಂಗಳದಲ್ಲಿ ಸುಣ್ಣ ಕುದಿಯುತ್ತಿತ್ತು. ಒಲೆಯಿಲ್ಲ, ಕಟ್ಟಿಗೆಯಿಲ್ಲ, ಹಳೆಯ ತಗಡಿನ ಡಬ್ಬಿಯಲ್ಲಿದ್ದ ಸುಟ್ಟ ಸುಣ್ಣಕ್ಕೆ ನೀರು ಸೇರಿದೊಡನೆ ಬುಸುಗುಟ್ಟುತ್ತ ಹಬೆಯೇಳುತ್ತಿತ್ತು.

"ಬಹಿರುಷ್ಣಕ ಕ್ರಿಯೆ ಎಂದರೇನು?" ಎಂಬ ಪ್ರಶ್ನೆಗೆ ತಪ್ಪಿಲ್ಲದ ಉತ್ತರ ಬರೆದು ಪೂರ್ಣ ಅಂಕ ಪಡೆದಿದ್ದ ನನ್ನೊಬ್ಬ ವಿದ್ಯಾರ್ಥಿ, ಹಬ್ಬದ ಮುಂಚೆ ಅಂತಹದೇ ಡಬ್ಬಿಯ ಮೇಲೆ ಬಾಗಿ ನಿಂತು ತಂಬಿಗೆಯ ನೀರನ್ನೆಲ್ಲ ಒಮ್ಮೆಲೇ ಸುರಿದ. ಸಿಡಿದ ಸುಣ್ಣ ಕಣ್ಣಿಗೆ ಬಿದ್ದಿತು. ತಾಯಿ ತಡಮಾಡದೆ ಕೊಡಗಟ್ಟಲೆ ನೀರಿನಿಂದ ಕಣ್ಣು ತೊಳೆದು ಆಸ್ಪತ್ರೆಗೆ ಒಯ್ದುದರಿಂದ ದೃಷ್ಟಿ ಉಳಿಯಿತು. ನೋಡಲು ಹೋದಾಗ ಅವನು ಹೇಳಿದ: "ಸರ್, ಪುಸ್ತಕದಾಗಿನ ಕ್ಯಾಲ್ಸಿಯಂ ಆಕ್ಸೈಡ್ ಅಂದ್ರ ಇದೇ ಸುಣ್ಣಾ ಅಂತ ಗೊತ್ತಿರಲಿಲ್ಲರಿ."

ತಪ್ಪು ನನ್ನದು. ಕರಿಹಲಗೆಯ ಮೇಲೆ ಸಮೀಕರಣ ಬರೆದಿದ್ದೆ. ಸುಣ್ಣವನ್ನು ತರಗತಿಗೆ ತಂದಿರಲಿಲ್ಲ.

ಡಬ್ಬಿಯಲ್ಲಿನ ಆ ಉಷ್ಣ ಎಲ್ಲಿಂದ ಬಂದಿತು? ಸುಣ್ಣದ ಭಟ್ಟಿಯಿಂದ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಸುಟ್ಟಾಗ ಅದು ಕಾರ್ಬನ್ ಡೈಆಕ್ಸೈಡನ್ನು ಬಿಟ್ಟುಕೊಟ್ಟು ಸುಟ್ಟ ಸುಣ್ಣವಾಗುತ್ತದೆ. ಈ ಬದಲಾವಣೆಗಾಗಿ 100 ಗ್ರಾಂ ಶುದ್ಧ ಕಲ್ಲು ಸುಮಾರು 178 ಕಿಲೋಜೂಲ್ ಉಷ್ಣವನ್ನು ಹೀರುತ್ತದೆ. ಇದು ಅಂತರುಷ್ಣಕ ಕ್ರಿಯೆ. ಉಳಿದ 56 ಗ್ರಾಂ ಸುಣ್ಣ ನೀರಿನೊಡನೆ ಅರಳುವಾಗ ಅದರಲ್ಲಿ 65 ಕಿಲೋಜೂಲ್ ಮರಳಿ ಬರುತ್ತದೆ. ಗೋಡೆಗೆ ಬಳಿದ ಸುಣ್ಣ ಗಾಳಿಯಿಂದ ಕಾರ್ಬನ್ ಡೈಆಕ್ಸೈಡನ್ನು ಪಡೆದು ಮತ್ತೆ ಕಲ್ಲಾಗುವಾಗ ಮಿಕ್ಕ 113 ಕಿಲೋಜೂಲ್ ಹೊರಬೀಳುತ್ತದೆ; ಬಹಳ ನಿಧಾನವಾದ್ದರಿಂದ ಕೈಗೆ ತಿಳಿಯದು. ಪಡೆದ ಸಾಲ ಪೂರ್ತಿ ತೀರಿತು. ದಾರಿ ಯಾವುದಾದರೂ ಉಷ್ಣದ ಒಟ್ಟು ಲೆಕ್ಕ ಬದಲಾಗದೆಂದು ಹೆಸ್ ಎಂಬ ವಿಜ್ಞಾನಿ 1840ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಕಿತ್ತೂರಿನ ಅರಮನೆಯ ಅವಶೇಷಗಳಲ್ಲಿ ಹಳೆಯ ಗಚ್ಚನ್ನು ಕಂಡಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ.

ಇಂದು ಈ ಪಾಠವನ್ನು ಪರದೆಯ ಮೇಲೆ ತೋರಿಸುವುದುಂಟು. ಪರದೆಯಲ್ಲಿ ಹಬೆ ಕಾಣುತ್ತದೆ, ಬಿಸಿ ತಟ್ಟುವುದಿಲ್ಲ. ಅಪಾಯವಾದೀತೆಂದು ಪ್ರಯೋಗವನ್ನು ಕೈಬಿಡುವುದು ಸುರಕ್ಷತೆಯಲ್ಲವೆಂಬುದು ನನ್ನ ಅಭಿಪ್ರಾಯ. ತರಗತಿಯಲ್ಲಿ ಕಾಣದ ಅಪಾಯವನ್ನು ಮಗು ಅಂಗಳದಲ್ಲಿ ಒಂಟಿಯಾಗಿ ಎದುರಿಸಬೇಕಾಗುತ್ತದೆ.

ರಾಮದುರ್ಗ, ಕಿತ್ತೂರು ಕಡೆಯ ಶಾಲೆಗಳಲ್ಲಿ ಶಿಕ್ಷಕರಾಗಿರುವ ನನ್ನ ಶಿಷ್ಯರಲ್ಲಿ ಒಂದು ವಿನಂತಿ. ಒಂದು ಚಮಚೆ ಸುಣ್ಣ ಸಾಕು. ಕಣ್ಣಿಗೆ ರಕ್ಷಣೆಯ ಕನ್ನಡಕವಿರಲಿ, ಮಕ್ಕಳು ದೂರವಿರಲಿ. ಹೆಚ್ಚು ನೀರಿಗೆ ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಹಾಕಿರಿ. ಸುಣ್ಣದ ಮೇಲೆ ನೀರು ಸುರಿಯದಿರಿ. ಪಾತ್ರೆಯ ಬಾಯಿ ಮುಚ್ಚದಿರಿ. ಕುದಿತ ಅಡಗಿದ ಮೇಲೆ ಪಾತ್ರೆಯ ಹೊರಮೈಯನ್ನು ಮಕ್ಕಳು ಮುಟ್ಟಿ ನೋಡಲಿ. ಪಕ್ಕದಲ್ಲಿ ಇನ್ನೊಂದು ಪಾತ್ರೆಯ ನೀರಿನಲ್ಲಿ ಯೂರಿಯಾ ಗೊಬ್ಬರ ಕರಗಿಸಿರಿ, ಅದು ತಣ್ಣಗಾಗುತ್ತದೆ. ಅಲ್ಲಿ ಹೊಸ ವಸ್ತು ಹುಟ್ಟುವುದಿಲ್ಲ, ಕರಗುವಿಕೆ ಮಾತ್ರ ನಡೆಯುತ್ತದೆಂಬ ಭೇದವನ್ನೂ ತಿಳಿಸಿರಿ. ಆದರೂ ಉಷ್ಣ ಒಳಸೇರುವುದೆಂದರೇನೆಂದು ರೈತರ ಮಕ್ಕಳಿಗೆ ಅದು ಕೂಡಲೇ ಅರ್ಥವಾಗುತ್ತದೆ.

ಆ ಹುಡುಗ ಈಗ ಮೊಮ್ಮಕ್ಕಳನ್ನು ಕಂಡಿದ್ದಾನೆ. ಅವನ ಮೊಮ್ಮಕ್ಕಳಾದರೂ ಸುಣ್ಣವನ್ನು ಅದರ ಎರಡೂ ಹೆಸರುಗಳಿಂದ ಗುರುತಿಸುವಂತಾಗಲಿ.