ಕೂಲಿಯ ಲೆಕ್ಕವೂ ಪೂಜೆಯ ಭಾಗ

ಹೊಸ ಪೋಪ್ ಲಿಯೋ ಎಂಬ ಹೆಸರನ್ನೇ ಏಕೆ ಆರಿಸಿಕೊಂಡರು ಎಂದು ಊಹಿಸುತ್ತ ಕೂರುವ ಅಗತ್ಯ ಬೀಳಲಿಲ್ಲ. ಆಯ್ಕೆಯಾದ ಎರಡು ದಿನಗಳ ನಂತರ, 2025ರ ಮೇ 10ರಂದು, ಕಾರ್ಡಿನಲರ ಮುಂದೆ ಅವರೇ ಕಾರಣ ಹೇಳಿದರು. ಮೊದಲ ಕೈಗಾರಿಕಾ ಕ್ರಾಂತಿಯ ಕಾಲದಲ್ಲಿ ಹದಿಮೂರನೆಯ ಲಿಯೋ ಕಾರ್ಮಿಕರ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದರು. ಈಗ ಕೃತಕ ಬುದ್ಧಿಮತ್ತೆ ಮತ್ತೊಂದು ಕ್ರಾಂತಿ ತಂದಿದೆ. ಮನುಷ್ಯನ ಘನತೆ, ನ್ಯಾಯ, ದುಡಿಮೆ ಮೂರೂ ಮತ್ತೆ ಇಕ್ಕಟ್ಟಿಗೆ ಸಿಕ್ಕಿವೆ. ಹೊಸ ಪೋಪ್ ನೆನೆದದ್ದು ಹದಿಮೂರನೆಯ ಲಿಯೋ ಅವರ 1891ರ ಮೇ 15ರ ಪರಿಪತ್ರ ‘ರೇರುಮ್ ನೊವಾರುಮ್’ ಅನ್ನು.

ಹದಿಮೂರನೆಯ ಲಿಯೋ ಕನ್ನಡ ನಾಡಿಗೆ ದೂರದವರಲ್ಲ. ಅವರು ಪೋಪ್ ಆದದ್ದು 1878ರ ಫೆಬ್ರವರಿಯಲ್ಲಿ. ಅದೇ ವರ್ಷದ ಕೊನೆಯ ದಿನ ಇಟಲಿಯ ಯೇಸುಸಭೆಯ ಗುರುಗಳು ಮಂಗಳೂರಿನಲ್ಲಿ ಬಂದಿಳಿದದ್ದು ಅವರ ನಿರ್ಧಾರದಿಂದಲೇ. ಎರಡು ವರ್ಷದೊಳಗೆ ಸಂತ ಅಲೋಶಿಯಸ್ ಕಾಲೇಜು ಶುರುವಾಯಿತು, ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಹೋಮಿಯೋಪತಿ ಔಷಧ ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೊಂದು ಆಶ್ರಯ ಎದ್ದಿತು. ಭಾರತದಲ್ಲಿ ಧರ್ಮಪ್ರಾಂತ್ಯಗಳ ಏರ್ಪಾಡು ಇಂದಿನ ಸ್ವರೂಪ ಪಡೆಯತೊಡಗಿದ್ದೂ 1886ರ ಅವರ ಆದೇಶದಿಂದ. ಅಕ್ಷರಕ್ಕೂ ಔಷಧಕ್ಕೂ ಹೆಸರಾದ ನಮ್ಮ ಕಥೋಲಿಕ ಸಮುದಾಯದ ಬೇರು ಆ ಕಾಲದಲ್ಲಿದೆ, ಅದಕ್ಕಾಗಿ ನಾವು ಹೆಮ್ಮೆಪಡುತ್ತೇವೆ, ಪಡಬೇಕಾದ್ದೇ. ಆದರೆ ಆ ಪೋಪ್ ಕೊಟ್ಟ ಸಂಸ್ಥೆಗಳನ್ನು ಜೋಪಾನ ಮಾಡಿದಷ್ಟು ಅಕ್ಕರೆಯಿಂದ ಅವರ ಪತ್ರವನ್ನು ನಾವು ಜೋಪಾನ ಮಾಡಲಿಲ್ಲ.

ಆ ಪತ್ರದಲ್ಲಿ ಏನಿದೆ? ಸಮಾಜವಾದವನ್ನು ಅದು ಒಪ್ಪುವುದಿಲ್ಲ, ಖಾಸಗಿ ಆಸ್ತಿಯ ಹಕ್ಕನ್ನು ಎತ್ತಿಹಿಡಿಯುತ್ತದೆ. ಇಷ್ಟನ್ನೇ ಓದಿ ಮಡಚಿಟ್ಟವರು ಬಹಳ. ಮುಂದಕ್ಕೆ ಓದಿದರೆ ಕಾರ್ಖಾನೆ ಮಾಲೀಕರ ನಿದ್ದೆ ಕೆಡಿಸುವ ಮಾತುಗಳಿವೆ. ಕೂಲಿಯವನು ಒಪ್ಪಿ ಸಹಿ ಹಾಕಿದ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ ಎನ್ನುತ್ತಾರೆ ಲಿಯೋ. ಹಸಿವಿಗೆ ಅಂಜಿ, ಬೇರೆ ದಾರಿ ಕಾಣದೆ ಒಪ್ಪಿಕೊಂಡಿದ್ದರೆ ಅದು ಬಲಾತ್ಕಾರ. ಮಿತವಾಗಿ ಬಾಳುವ ದುಡಿಮೆಗಾರನ ಜೀವನ ಸಾಗುವಷ್ಟಾದರೂ ಕೂಲಿ ಇರಲೇಬೇಕು. ಮಾರುಕಟ್ಟೆಯ ದರ ಏನೇ ಇರಲಿ, ಅದಕ್ಕಿಂತ ಹಿರಿದಾದ ನ್ಯಾಯವೊಂದಿದೆ. ದುಡಿಯುವವರು ಸಂಘ ಕಟ್ಟಿಕೊಳ್ಳುವುದು ಅವರ ಸಹಜ ಹಕ್ಕು. ಭಾನುವಾರದ ವಿಶ್ರಾಂತಿ, ಮಕ್ಕಳನ್ನು ಕಾರ್ಖಾನೆಗೆ ದೂಡಬಾರದೆಂಬ ಎಚ್ಚರಿಕೆ, ಎಲ್ಲವೂ ಅಲ್ಲಿವೆ. ನೂರ ಮೂವತ್ತು ವರ್ಷ ದಾಟಿದ ಆ ಪುಟಗಳನ್ನು ಈಗ ಓದಿದರೂ ಬಿಸಿ ತಾಗುತ್ತದೆ.

ಮುಂದಿನ ಪೋಪರುಗಳೂ ಈ ಎಳೆಯನ್ನು ಕೈಬಿಡಲಿಲ್ಲ. ಎರಡನೆಯ ಜಾನ್ ಪಾಲ್ ಯೌವನದಲ್ಲಿ ಕಲ್ಲುಗಣಿಯಲ್ಲೂ ರಾಸಾಯನಿಕ ಕಾರ್ಖಾನೆಯಲ್ಲೂ ದುಡಿದವರು. 1981ರಲ್ಲಿ ದುಡಿಮೆಯ ಬಗ್ಗೆಯೇ ಒಂದು ಪರಿಪತ್ರ ಬರೆದರು, ಬಂಡವಾಳಕ್ಕಿಂತ ದುಡಿಮೆ ಮೊದಲು ಎಂದರು. 1986ರ ಫೆಬ್ರವರಿಯಲ್ಲಿ ಅವರು ಮಂಗಳೂರಿಗೆ ಬಂದದ್ದನ್ನು ನೋಡಿದವರು ಇಂದಿಗೂ ಕಣ್ಣರಳಿಸಿ ಹೇಳುತ್ತಾರೆ. ಅವರ 1981ರ ಪತ್ರವನ್ನು ಓದಿದವರು ಮಾತ್ರ ನನಗೆ ಸಿಕ್ಕಿದ್ದು ಬಹಳ ಕಡಿಮೆ.

ಮತ್ತಾಯನ ಶುಭಸಂದೇಶದಲ್ಲಿ ದ್ರಾಕ್ಷಿತೋಟದ ಸಾಮತಿ ಬರುತ್ತದೆ. ಸಂಜೆಯಾದರೂ ಪೇಟೆಬೀದಿಯಲ್ಲೇ ನಿಂತಿದ್ದವರನ್ನು ಒಡೆಯ ಕೇಳುತ್ತಾನೆ, ಏಕೆ ಸುಮ್ಮನೆ ನಿಂತಿದ್ದೀರಿ ಎಂದು. ಯಾರೂ ಕೆಲಸಕ್ಕೆ ಕರೆಯಲಿಲ್ಲ ಎನ್ನುವುದು ಅವರ ಉತ್ತರ. ಬೆಂಗಳೂರಿನ ಯಾವುದೇ ದರ್ಶಿನಿಯ ಮುಂದೆ ರಾತ್ರಿ ಹತ್ತಕ್ಕೆ ಬೈಕಿನ ಮೇಲೆ ಕೂತು ಮೊಬೈಲು ದಿಟ್ಟಿಸುವ ಹುಡುಗರ ಉತ್ತರವೂ ಅದೇ. ತೋಟದ ಒಡೆಯನಿಗಾದರೂ ಮುಖವಿತ್ತು, ಎದುರಿಗೆ ನಿಂತು ಮಾತಾಡಿಸಿದ. ಈ ಹುಡುಗರಿಗೆ ಯಾವ ಲೆಕ್ಕಾಚಾರದಿಂದ ಆರ್ಡರು ಬಂತು, ಯಾವುದರಿಂದ ನಿಂತಿತು, ಐಡಿ ಏಕೆ ಬ್ಲಾಕ್ ಆಯಿತು ಎಂದು ಕೇಳಲು ಎದುರಿಗೆ ಯಾರೂ ಇಲ್ಲ. ನೀತಿ ಆಯೋಗದ 2022ರ ವರದಿಯ ಅಂದಾಜಿನಂತೆ 2020-21ರಲ್ಲಿ ದೇಶದಲ್ಲಿ ಇಂಥ ಗಿಗ್ ಕಾರ್ಮಿಕರು 77 ಲಕ್ಷ. 2029-30ರ ಹೊತ್ತಿಗೆ 2.35 ಕೋಟಿ.

ಕರ್ನಾಟಕ ಸರ್ಕಾರ ಇವರಿಗಾಗಿ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ತಂದಿತು, ಆಗಸ್ಟ್‌ನಲ್ಲಿ ವಿಧಾನಮಂಡಲ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಕ್ಷೇಮಾಭಿವೃದ್ಧಿ ಮಂಡಳಿ, ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಸಲ್ಲುವ ಹಣದ ಮೇಲೆ ಕಂಪನಿಗಳಿಂದ ಶೇಕಡ 1ರಿಂದ 5ರವರೆಗೆ ಶುಲ್ಕ, ಕೆಲಸದಿಂದ ತೆಗೆಯುವ ಮುನ್ನ 14 ದಿನದ ನೋಟಿಸು, ಯಂತ್ರದ ತೀರ್ಮಾನಗಳ ಬಗ್ಗೆ ತಿಳಿದುಕೊಳ್ಳುವ ಹಕ್ಕು ಅದರಲ್ಲಿವೆ. ಹೊಸ ಲಿಯೋ ಮೇ 10ರಂದು ಆಡಿದ ಮಾತಿಗೆ ನಮ್ಮ ರಾಜ್ಯದಲ್ಲಿ ಇದಕ್ಕಿಂತ ಹತ್ತಿರದ ಸಂಗತಿ ಇನ್ನೊಂದಿಲ್ಲ. ಆದರೂ ಆ ತಿಂಗಳುಗಳಲ್ಲಿ ನಾನು ಕೇಳಿದ ಯಾವ ಪ್ರಬೋಧನೆಯಲ್ಲೂ, ಯಾವ ವಿಶ್ವಾಸಿಗಳ ಪ್ರಾರ್ಥನೆಯಲ್ಲೂ ಇದರ ಸುಳಿವಿರಲಿಲ್ಲ.

ಅದೇ ವರ್ಷದ ಜುಲೈ ಕೊನೆಯಲ್ಲಿ ಛತ್ತೀಸ್‌ಗಢದ ದುರ್ಗ್ ರೈಲು ನಿಲ್ದಾಣದಲ್ಲಿ ಕೇರಳ ಮೂಲದ ಇಬ್ಬರು ಕನ್ಯಾಸ್ತ್ರೀಯರನ್ನು ಬಂಧಿಸಿದಾಗ ನಾವು ಸುಮ್ಮನಿರಲಿಲ್ಲ. ಮೇಣದ ಬತ್ತಿ ಹಚ್ಚಿದೆವು, ಮೆರವಣಿಗೆ ಮಾಡಿದೆವು, ಮನವಿ ಕೊಟ್ಟೆವು. ಅದು ಸರಿಯಾದ ಸಿಟ್ಟು. ಮತ್ತೆ ಹಾಗಾದರೆ ಮತ್ತೆ ಬೀದಿಗೆ ಬರಬೇಕು. ನನ್ನನ್ನು ಕಾಡುವುದು ಬೇರೆ. ಕಥೋಲಿಕರ ರಾಜಕೀಯ ನಮ್ಮ ಮೇಲೆ ಏಟು ಬಿದ್ದಾಗ ಕೂಗುವುದು ಎಂಬಷ್ಟಕ್ಕೆ ಕುಗ್ಗುತ್ತಿದೆ. ‘ರೇರುಮ್ ನೊವಾರುಮ್’ ಬರೆದಾಗ ಇಟಲಿಯಲ್ಲಿ ಧರ್ಮಸಭೆಯ ಸ್ಥಿತಿಯೇನೂ ಸುಖವಾಗಿರಲಿಲ್ಲ. ಪೋಪರ ರಾಜ್ಯ ಕೈತಪ್ಪಿ, ಅವರು ವ್ಯಾಟಿಕನ್‌ನ ಗೋಡೆಯೊಳಗೇ ಉಳಿದಿದ್ದ ಕಾಲ ಅದು. ತಮ್ಮ ಗೋಳು ಹೇಳಿಕೊಳ್ಳಲು ಲಿಯೋಗೆ ಬೇಕಾದಷ್ಟು ಕಾರಣವಿತ್ತು. ಆದರೂ ಈ ಪತ್ರವನ್ನು ಅವರು ಕಾರ್ಮಿಕರಿಗಾಗಿ ಬರೆದರು.

ಇನ್ನು ನಮ್ಮ ಅಂಗಳದ ಮಾತು. ಧರ್ಮಪ್ರಾಂತ್ಯಗಳೂ ಸನ್ಯಾಸಿ ಸಭೆಗಳೂ ಈ ರಾಜ್ಯದ ದೊಡ್ಡ ಉದ್ಯೋಗದಾತರು. ಶಾಲೆಗಳ ತಾತ್ಕಾಲಿಕ ಶಿಕ್ಷಕಿಯರು, ಆಸ್ಪತ್ರೆಗಳ ಗುತ್ತಿಗೆ ನರ್ಸುಗಳು, ಹಾಸ್ಟೆಲಿನ ಅಡುಗೆಯವರು, ಆಯಾಗಳು, ಕಾವಲುಗಾರರು ನಮ್ಮ ಬಳಿ ದುಡಿಯುತ್ತಿದ್ದಾರೆ. ಚೆನ್ನಾಗಿ ನಡೆಸಿಕೊಳ್ಳುವ ಸಂಸ್ಥೆಗಳಿವೆ. ಹತ್ತು ವರ್ಷ ಪಾಠ ಮಾಡಿದರೂ ಪಿಎಫ್ ಕಾಣದವರು, ಬೇಸಿಗೆ ರಜೆಯ ಸಂಬಳವಿಲ್ಲದವರು, ಸಂಘ ಎಂದ ಕೂಡಲೇ ಬಾಗಿಲು ತೋರಿಸಿಕೊಂಡವರು ಇರುವುದೂ ನಿಜ. ಅನುದಾನಿತ ಶಾಲೆಗಳಲ್ಲಿ ಖಾಲಿಯಾದ ಹುದ್ದೆ ತುಂಬಲು ಸರ್ಕಾರದ ಅನುಮತಿ ಸಿಗುತ್ತಿಲ್ಲ, ಹಳ್ಳಿಯ ಮಕ್ಕಳ ಫೀಸಿನಿಂದ ಎಷ್ಟು ಕೊಡಲಾದೀತು ಎಂದು ಆಡಳಿತದವರು ಕೇಳುತ್ತಾರೆ. ಆ ಕಷ್ಟವನ್ನು ನಾನು ತಳ್ಳಿಹಾಕುವುದಿಲ್ಲ. ಎಷ್ಟೋ ಕನ್ಯಾಸ್ತ್ರೀಯರು ತಮಗಾಗಿ ಏನನ್ನೂ ಇಟ್ಟುಕೊಳ್ಳದೆ ಶಾಲೆ ನಡೆಸುವುದನ್ನು ಬಲ್ಲೆ. ಹಾಗಿದ್ದರೆ ಆದಾಯ–ಖರ್ಚಿನ ಲೆಕ್ಕವನ್ನು ದುಡಿಯುವವರ ಮುಂದೆಯೇ ಇಡಬಹುದಲ್ಲ. ಕೊರತೆಯನ್ನು ಕಣ್ಣಾರೆ ಕಂಡವರು ಅದನ್ನು ಹಂಚಿಕೊಳ್ಳಲು ಹಿಂಜರಿಯುವುದಿಲ್ಲ. ಮುಚ್ಚಿಟ್ಟ ಪುಸ್ತಕದ ಮೇಲೆ ಅನುಮಾನ ಬೆಳೆಯುತ್ತದೆ.

ಬಲಿಪೂಜೆಯಲ್ಲಿ ಕಾಣಿಕೆ ಅರ್ಪಿಸುವಾಗ ಗುರುಗಳು ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಎತ್ತಿ, ಭೂಮಿಯ ಫಲದ ಜೊತೆ ಮನುಷ್ಯರ ದುಡಿಮೆಯನ್ನೂ ನೆನೆಯುತ್ತಾರೆ. ಪೀಠದ ಮೇಲೆ ನಾವು ದೇವರಿಗೆ ಒಪ್ಪಿಸುವ ದುಡಿಮೆ ಯಾರದು, ಅದಕ್ಕೆ ನ್ಯಾಯದ ಕೂಲಿ ಸಂದಿತೇ ಎಂಬುದು ಪೂಜೆಯ ಹೊರಗಿನ ವಿಚಾರವಲ್ಲ. ತಡೆಹಿಡಿದ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟುತ್ತದೆ ಎಂದು ಯಕೋಬ ಬರೆದದ್ದು ವಿಶ್ವಾಸಿಗಳಿಗೇ; ಲಿಯೋ ಕೂಡ ತಮ್ಮ ಪತ್ರದಲ್ಲಿ ಅದನ್ನೇ ಎತ್ತಿಕೊಂಡರು.

ಮೇ 1 ಕಾರ್ಮಿಕ ಸಂತ ಜೋಸೆಫರ ಹಬ್ಬ. ಹನ್ನೆರಡನೆಯ ಪಯಸ್ 1955ರಲ್ಲಿ ಸ್ಥಾಪಿಸಿದ್ದು. ಅಂದು ಒಂದೊಂದು ಧರ್ಮಕೇಂದ್ರವೂ ತನ್ನಲ್ಲಿ ದುಡಿಯುವವರ ಸಂಬಳ, ಪಿಎಫ್, ಇಎಸ್ಐ ವಿವರವನ್ನು ಪಾಲನಾ ಸಮಿತಿಯ ಮುಂದಿಡಲಿ ಎಂಬುದು ಈ ಪತ್ರಿಕೆಯ ಕೋರಿಕೆ. ಮುಂದಿನ ಸಂಚಿಕೆಯಿಂದ ಕೆಲವು ಪುಟಗಳನ್ನು ಇದಕ್ಕಾಗಿ ತೆಗೆದಿಡುತ್ತಿದ್ದೇವೆ. ನಮ್ಮ ಸಂಸ್ಥೆಗಳಲ್ಲಿ ದುಡಿಯುವ ಶಿಕ್ಷಕಿಯರು, ನರ್ಸುಗಳು, ಅಡುಗೆಯವರು ಯಾವ ಧರ್ಮದವರೇ ಆಗಿರಲಿ, ನಮಗೆ ಬರೆಯಿರಿ. ಹೆಸರು ಬೇಡವೆಂದರೆ ಹೆಸರಿಲ್ಲದೆ ಪ್ರಕಟಿಸುತ್ತೇವೆ. ಆಡಳಿತ ಮಂಡಳಿಗಳು ಉತ್ತರ ಬರೆದರೆ ಅದಕ್ಕೂ ಅಷ್ಟೇ ಜಾಗ ಕೊಡುತ್ತೇವೆ.