ಗ್ರಾಮೀಣ ಅಡುಗೆ ಇಂಧನ: ಉದ್ಯಮಿಗಳ ಹೊಣೆ ಮತ್ತು ಅವಕಾಶ

ಮೆಜೆಸ್ಟಿಕ್ ಸುತ್ತಲಿನ ಚಿಕ್ಕಪೇಟೆ, ಬಳೇಪೇಟೆ, ಅವೆನ್ಯೂ ರಸ್ತೆಗಳ ಸಗಟು ಮಳಿಗೆಗಳಿಂದ ಸರಕು ತರಿಸಿಕೊಳ್ಳದ ತಾಲ್ಲೂಕು ಕೇಂದ್ರಗಳು ರಾಜ್ಯದ ದಕ್ಷಿಣ ಭಾಗದಲ್ಲಿ ವಿರಳ. ಪಾತ್ರೆ, ಕುಕ್ಕರ್, ಗ್ಯಾಸ್ ಒಲೆಗಳೂ ಈ ಮಾರ್ಗವಾಗಿಯೇ ಹಳ್ಳಿಗಳನ್ನು ತಲುಪುತ್ತವೆ. ಇಷ್ಟಾದರೂ ಬಸ್ಸಿನ ಹಾದಿಯಿಂದ ದೂರವಿರುವ ಗ್ರಾಮಗಳ ಬಹಳಷ್ಟು ಮನೆಗಳಲ್ಲಿ ಸೌದೆ ಒಲೆಯ ಹೊಗೆ ನಿಂತಿಲ್ಲ. ಇದು ಸರ್ಕಾರಕ್ಕೆ ಸೇರಿದ ವಿಷಯವೆಂದು ವ್ಯಾಪಾರ ಸಮುದಾಯ ಭಾವಿಸುತ್ತ ಬಂದಿದೆ. ಆದರೆ ಹೊಗೆ ಉಳಿದಿರುವುದಕ್ಕೆ ಒಲೆಯ ಅಭಾವಕ್ಕಿಂತ, ಒಲೆ ಕೊಟ್ಟ ಅನಂತರ ದೊರೆಯಬೇಕಾದ ಇಂಧನ, ಬಿಡಿಭಾಗ ಹಾಗೂ ದುರಸ್ತಿಯ ಅಭಾವವೇ ಹೆಚ್ಚಿನ ಕಾರಣ. ಈ ಮೂರನ್ನೂ ಒದಗಿಸಬಲ್ಲವರು ವ್ಯಾಪಾರಸ್ಥರು ಮತ್ತು ಸಣ್ಣ ಕೈಗಾರಿಕೆಗಳವರು.

ಹಾನಿಯ ಪ್ರಮಾಣ ಅಲ್ಪವಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಮೃತಪಟ್ಟರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಮಕ್ಕಳ ನ್ಯುಮೋನಿಯಾ, ದೀರ್ಘಕಾಲದ ಶ್ವಾಸಕೋಶ ರೋಗ, ಹೃದ್ರೋಗಗಳಿಗೆ ಈ ಹೊಗೆ ಕಾರಣವಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಅಡುಗೆಗೆ ಶುದ್ಧ ಇಂಧನ ಬಳಸುವ ಕುಟುಂಬಗಳು ದೇಶದ ಪಟ್ಟಣಗಳಲ್ಲಿ ಶೇ. 89.7ರಷ್ಟಿದ್ದರೆ ಗ್ರಾಮಗಳಲ್ಲಿ ಶೇ. 43.2 ಮಾತ್ರ. ಗ್ಯಾಸ್ ಇರುವ ಮನೆಗಳಲ್ಲಿಯೂ ಬಚ್ಚಲ ಹಂಡೆಯ ನೀರು ಕಾಯಿಸಲು ಸೌದೆಯನ್ನೇ ಉರಿಸುವುದು ನಮ್ಮ ನಾಡಿನಲ್ಲಿ ಸಾಮಾನ್ಯ.

ಈ ಸಮಸ್ಯೆಯ ಅಧ್ಯಯನದಲ್ಲಿ ಕರ್ನಾಟಕ ಬಹು ಹಿಂದೆಯೇ ಮುಂದಿತ್ತು. ಮಲ್ಲೇಶ್ವರದ ನೆರೆಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 'ಅಸ್ತ್ರ' ಘಟಕ ಸ್ಥಾಪನೆಯಾಯಿತು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಗ್ರಾಮದಲ್ಲಿ ಈ ಘಟಕದವರು ಮನೆಮನೆಯ ಇಂಧನದ ಲೆಕ್ಕ ತೆಗೆದರು. 1977ರಲ್ಲಿ 56 ಕುಟುಂಬಗಳಿದ್ದ ಆ ಊರಿನ ಇಂಧನದ ಬಹುಪಾಲು ಸೌದೆಯೇ ಆಗಿತ್ತು. ಅದನ್ನು ಕೊಳ್ಳುವುದಕ್ಕಿಂತ ಆರಿಸಿ ತರುವುದೇ ರೂಢಿಯಾಗಿತ್ತು. ಸೌದೆಯ ಬೆಲೆ ಹೆಂಗಸರ ಮತ್ತು ಮಕ್ಕಳ ದುಡಿಮೆಯ ರೂಪದಲ್ಲಿ ಸಲ್ಲುತ್ತಿತ್ತೇ ಹೊರತು ಹಣದ ಲೆಕ್ಕಕ್ಕೆ ಬರುತ್ತಿರಲಿಲ್ಲ. ಸೌದೆ ಉಳಿಸುವ, ಹೊಗೆಕೊಳವೆಯುಳ್ಳ 'ಅಸ್ತ್ರ ಒಲೆ' ರೂಪುಗೊಂಡದ್ದು ಇದೇ ಘಟಕದ ಪ್ರಯತ್ನದಿಂದ.

ಉತ್ತಮ ಒಲೆ ದೊರೆತ ಮೇಲೂ ಹೊಗೆ ಏಕೆ ಹೋಗಲಿಲ್ಲ? 1980ರ ದಶಕದಲ್ಲಿ ಆರಂಭವಾದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮದಡಿ 2002ರ ವೇಳೆಗೆ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆಗಳು ಸ್ಥಾಪನೆಯಾದವು. ಗುರಿ ಮುಟ್ಟಿದ್ದಕ್ಕೆ ಲೆಕ್ಕವಿತ್ತು. ಕೊಳವೆಯಲ್ಲಿ ಮಸಿ ಕಟ್ಟಿದಾಗ, ಒಲೆ ಬಿರುಕು ಬಿಟ್ಟಾಗ ಯಾರು ಸರಿಪಡಿಸಬೇಕೆಂಬುದಕ್ಕೆ ಸರಿಯಾದ ಏರ್ಪಾಡಿರಲಿಲ್ಲ. ಸಹಾಯಧನದ ಮೇಲೆಯೇ ನಿಂತ ಒಲೆಗೆ ಊರಿನಲ್ಲಿ ಮಾರುವವನೂ ಇರಲಿಲ್ಲ, ದುರಸ್ತಿ ಮಾಡುವವನೂ ಇರಲಿಲ್ಲ. ಪರಿಣಾಮವಾಗಿ ಅನೇಕ ಮನೆಗಳು ಹಳೆಯ ಒಲೆಗೇ ಮರಳಿದವು.

ಅಡುಗೆ ಅನಿಲದ ವಿಷಯದಲ್ಲಿಯೂ ಇದೇ ಕೊರತೆ ಬೇರೊಂದು ರೂಪದಲ್ಲಿ ಕಾಣುತ್ತದೆ. 2016ರ ಮೇ 1ರಂದು ಆರಂಭವಾದ ಉಜ್ವಲ ಯೋಜನೆ 2019ರ ಸೆಪ್ಟೆಂಬರ್ ವೇಳೆಗೆ ಎಂಟು ಕೋಟಿ ಸಂಪರ್ಕಗಳನ್ನು ನೀಡಿತು. ಇದು ನಿಸ್ಸಂದೇಹವಾಗಿ ದೊಡ್ಡ ಸಾಧನೆ. ಆದರೆ ಈ ಫಲಾನುಭವಿಗಳು 2019-20ರಲ್ಲಿ ತುಂಬಿಸಿಕೊಂಡ ಸಿಲಿಂಡರುಗಳ ಸರಾಸರಿ ಮೂರರಷ್ಟು. 2023-24ರಲ್ಲಿಯೂ ಅದು ನಾಲ್ಕನ್ನು ಮುಟ್ಟಲಿಲ್ಲ. ಎಲ್ಲ ಅಡುಗೆಯನ್ನೂ ಗ್ಯಾಸಿನಲ್ಲೇ ಮಾಡುವ ಕುಟುಂಬಕ್ಕೆ ವರ್ಷಕ್ಕೆ ಏಳೆಂಟು ಸಿಲಿಂಡರುಗಳಾದರೂ ಬೇಕು. ದಿನಗೂಲಿಯಲ್ಲಿ ಬದುಕುವ ಮನೆಗೆ 14.2 ಕಿಲೋ ಸಿಲಿಂಡರಿನ ಹಣವನ್ನು ಒಮ್ಮೆಗೇ ಹೊಂದಿಸುವುದು ಕಷ್ಟ. ವಿತರಕರ ಮಳಿಗೆ ದೂರವಿದ್ದರೆ ಸಾಗಣೆಯ ವೆಚ್ಚ ಮತ್ತು ಒಂದು ದಿನದ ಕೂಲಿಯೂ ಅದಕ್ಕೆ ಸೇರುತ್ತವೆ.

ವ್ಯಾಪಾರದ ಮಾರ್ಗ ಫಲಿಸಬಲ್ಲದೆಂಬುದಕ್ಕೆ ಬೆಂಗಳೂರಿನ ಟೈಡ್ ಸಂಸ್ಥೆಯ ಅನುಭವ ನಿದರ್ಶನ. ರೇಷ್ಮೆ ನೂಲು ಬಿಚ್ಚುವ, ಬಟ್ಟೆಗೆ ಬಣ್ಣ ಹಾಕುವ ಮುಂತಾದ ಸಣ್ಣ ಉದ್ಯಮಗಳಿಗೆ ಸೌದೆ ಉಳಿಸುವ ಒಲೆಗಳನ್ನು ರೂಪಿಸಿ, ಅವುಗಳನ್ನು ಕಟ್ಟಿ ಮಾರುವ ಸ್ಥಳೀಯ ಉದ್ಯಮಿಗಳನ್ನು ತರಬೇತುಗೊಳಿಸಿದ ಈ ಸಂಸ್ಥೆಗೆ 2008ರಲ್ಲಿ ಅಂತರರಾಷ್ಟ್ರೀಯ ಆಶ್ಡೆನ್ ಪ್ರಶಸ್ತಿ ಸಂದಿತು. ಉದ್ಯಮಿ ಸೌದೆಯನ್ನು ಹಣ ಕೊಟ್ಟು ಕೊಳ್ಳುವುದರಿಂದ ಉಳಿತಾಯ ಅವನ ಖಾತೆ ಪುಸ್ತಕದಲ್ಲಿಯೇ ಕಾಣುತ್ತದೆ. ಸೌದೆ ಆರಿಸಿ ತರುವ ಗೃಹಿಣಿಗೆ ಶ್ರಮ ಮತ್ತು ಆರೋಗ್ಯ ಉಳಿಯುತ್ತವೆ, ಆದರೆ ಕೈಗೆ ಹಣ ಬರುವುದಿಲ್ಲ. ಆದುದರಿಂದ ಮನೆಯ ಒಲೆಗೆ ಸಹಾಯಧನ ಬೇಡವೆನ್ನುವುದು ಸಾಧುವಲ್ಲ. ಸಹಾಯಧನದ ಜೊತೆಗೆ ಕಂತಿನ ಪಾವತಿ ಮತ್ತು ಊರಿನಲ್ಲಿಯೇ ಸೇವೆ ದೊರೆಯಬೇಕು ಎನ್ನುವುದೇ ಸರಿ.

ಹಳ್ಳಿಯ ಬೇಡಿಕೆ ಅಲ್ಪ, ಸಾಲದ ವಸೂಲಿ ಕಷ್ಟ ಎಂಬ ಆಕ್ಷೇಪಣೆ ಸಹಜವೇ. ಆದರೆ ಬೀಜ, ಗೊಬ್ಬರ, ದಿನಸಿಗಳನ್ನು ಸುಗ್ಗಿಯವರೆಗೆ ಉದ್ದರಿ ಕೊಟ್ಟು ವಸೂಲು ಮಾಡುವ ಅನುಭವ ಇದೇ ವ್ಯಾಪಾರಸ್ಥರಿಗಿದೆ. ಸ್ತ್ರೀಶಕ್ತಿ ಸಂಘಗಳ ಮೂಲಕ ಕಂತು ಕಟ್ಟಿಸಿಕೊಂಡರೆ ವಸೂಲಿಯ ಭಯವೂ ಕಡಿಮೆಯಾಗುತ್ತದೆ.

ಮಾಡಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ತೈಲ ಕಂಪನಿಗಳು 5 ಕಿಲೋ ಸಿಲಿಂಡರುಗಳನ್ನು ಕಿರಾಣಿ ಅಂಗಡಿಗಳ ಮೂಲಕವೂ ಮಾರಲು ಅವಕಾಶ ನೀಡಿವೆ. ತಾಲ್ಲೂಕು ಮಟ್ಟದ ವ್ಯಾಪಾರಿಗಳು ಸುರಕ್ಷತೆಯ ನಿಯಮಗಳನ್ನು ಪಾಲಿಸಿ ಈ ಮಾರಾಟವನ್ನು ಹಳ್ಳಿಯ ಅಂಗಡಿಗಳಿಗೆ ವಿಸ್ತರಿಸಬಹುದು. ಪೀಣ್ಯದಂತಹ ಪ್ರದೇಶಗಳ ಸಣ್ಣ ಕೈಗಾರಿಕೆಗಳು ಹೊಗೆಕೊಳವೆ, ಕಬ್ಬಿಣದ ಜಾಲರಿ, ಗೋಬರ್ ಗ್ಯಾಸ್ ಬರ್ನರುಗಳನ್ನು ಒಂದೇ ಅಳತೆಯಲ್ಲಿ ತಯಾರಿಸಿದರೆ, ಒಂದು ಭಾಗ ಕೆಟ್ಟಾಗ ಇಡೀ ಒಲೆಯನ್ನು ಬಿಸಾಡಬೇಕಾಗುವುದಿಲ್ಲ. ಬಚ್ಚಲ ಒಲೆಗೆ ಹೊಗೆ ಕಡಿಮೆ ಇರುವ, ಕೊಳ್ಳುವವರ ಶಕ್ತಿಗೆ ನಿಲುಕುವ ಸಾಧನ ಇಂದಿಗೂ ಸಾಕಷ್ಟು ಬಳಕೆಗೆ ಬಂದಿಲ್ಲ. ತಯಾರಕರು ಮೊದಲು ಗಮನಿಸಬೇಕಾದದ್ದು ಇದನ್ನೇ.

ಜಿಲ್ಲಾ ವಾಣಿಜ್ಯ ಸಂಸ್ಥೆಗಳು ಒಲೆ ಕಟ್ಟುವ ಹಾಗೂ ದುರಸ್ತಿ ಮಾಡುವ ಯುವಕ ಯುವತಿಯರ ತರಬೇತಿಯ ಹೊಣೆ ಹೊರಬೇಕು. ಪ್ರತಿ ಹೋಬಳಿಗೆ ಇಂತಹ ಒಬ್ಬರಿದ್ದು, ಬಿಡಿಭಾಗಗಳು ಅಲ್ಲಿನ ಅಂಗಡಿಯಲ್ಲಿಯೇ ದೊರೆಯುವಂತಾದರೆ, ಯೋಜನೆಗಳು ಬದಲಾದರೂ ಒಲೆಗಳು ಮೂಲೆ ಸೇರಲಾರವು. ಸರ್ಕಾರವೂ ಒಲೆ ಖರೀದಿಯ ಟೆಂಡರುಗಳಲ್ಲಿ ಕನಿಷ್ಠ ಮೂರು ವರ್ಷಗಳ ನಿರ್ವಹಣೆಯನ್ನು ಷರತ್ತಾಗಿ ಸೇರಿಸಬೇಕೆಂದು ವಾಣಿಜ್ಯ ಸಂಸ್ಥೆಗಳೇ ಮುಂದಾಗಿ ಒತ್ತಾಯಿಸುವುದು ಉಚಿತ.