ಇನ್ನೊಂದು ಸುತ್ತು ಹಾಕಿ ನೋಡ್ಲಾ ಸಾರ್?

ಮೊನ್ನೆ ಭಾನುವಾರ ಅಪ್ಪನ ಹಳೇ ಯೆಜ್ದಿಯ ಕ್ಲಚ್ ಕವರ್ ಬಿಚ್ಚಲು ಕೂತೆ. ಒಂದು ಸ್ಕ್ರೂ ಜೊತೆ ಇಂಜಿನ್ ಕೇಸಿನ ಅಲ್ಯೂಮಿನಿಯಂ ಥ್ರೆಡ್ಡೂ ಸುರುಳಿ ಸುರುಳಿಯಾಗಿ ಎದ್ದು ಬಂತು! ಹೋದ ಸಲ ಕಟ್ಟಿದ ಮೆಕ್ಯಾನಿಕ್ "ಜನ್ಮದಲ್ಲಿ ಲೂಸ್ ಆಗಲ್ಲ ಸಾರ್" ಅಂದಿದ್ದ. ನಿಜ ಕಣ್ರೀ, ಇನ್ನು ಟೈಟೂ ಆಗಲ್ಲ.

ಗಟ್ಟಿಯಾಗಿ ತಿರುಗಿಸಿದಷ್ಟೂ ಭದ್ರ ಅನ್ನೋ ಈ ಮೂಢನಂಬಿಕೆಗೆ ಏನು ಹೇಳೋಣ? ಬೋಲ್ಟು ಒಂದು ಸ್ಪ್ರಿಂಗ್ ಇದ್ದ ಹಾಗೆ. ತಿರುಗಿಸಿದಾಗ ಕೂದಲೆಳೆಯಷ್ಟು ಹಿಗ್ಗುತ್ತೆ, ವಾಪಸ್ ಕುಗ್ಗಲು ನೋಡುತ್ತೆ. ಆ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯೋದು. ಮಿತಿ ಮೀರಿದರೆ ಬೋಲ್ಟು ಜಗ್ಗುತ್ತೆ, ಇಲ್ಲಾ ಮೆದುವಾದ ಅಲ್ಯೂಮಿನಿಯಂ ಕಿತ್ತು ಬರುತ್ತೆ. 6 ಎಂಎಂ ಬೋಲ್ಟಿಗೆ ಸಾಮಾನ್ಯವಾಗಿ ಹೇಳೋದು ಸುಮಾರು 10 ನ್ಯೂಟನ್ ಮೀಟರ್. ಅಂದ್ರೆ 10 ಸೆಂಟಿಮೀಟರ್ ಸ್ಪ್ಯಾನರಿನ ತುದಿಗೆ 10 ಕೆಜಿ ಭಾರ, ಅಷ್ಟೇ. ಹಳೇ ಅಲ್ಯೂಮಿನಿಯಂಗೆ ಇನ್ನೂ ಕಮ್ಮಿಯೇ ಇರಲಿ. ಅದಕ್ಕೆ ಪೈಪ್ ಸಿಗಿಸಿ ಮೇಲೆ ನಿಲ್ಲೋದ್ಯಾಕೆ ಸ್ವಾಮಿ?

"ಸ್ಪ್ರಿಂಗ್ ವಾಷರ್ ಹಾಕಿದೀನಲ್ಲ" ಅಂತಾರೆ. ಪೂರ್ತಿ ಟೈಟ್ ಆದಮೇಲೆ ಅದು ಚಪ್ಪಟೆಯಾಗಿ ಮಾಮೂಲಿ ವಾಷರ್ ಆಗಿಬಿಡುತ್ತೆ. ಭಾಗಗಳು ಅಡ್ಡಡ್ಡಕ್ಕೆ ಜಾರಿದರೆ ನಟ್ಟು ತಾನೇ ಬಿಚ್ಚಿಕೊಳ್ಳುತ್ತೆ ಅಂತ ಗೆರ್ಹಾರ್ಡ್ ಯುಂಕರ್ 1969ರಲ್ಲೇ ತೋರಿಸಿಕೊಟ್ಟಿದ್ದಾನೆ. ಜಾರದಂತೆ ಹಿಡಿಯೋದು ಆ ಎಳೆತ, ವಾಷರ್ ಅಲ್ಲ.

ನೆಟ್ಟಲ್ಲಿ ಓದಿ ಸ್ಪ್ಯಾನರ್ ಹಿಡಿದ ನಮ್ಮಂಥ ಇಂಜಿನಿಯರುಗಳೇನು ಕಮ್ಮಿಯಿಲ್ಲ. ಎಲ್ಲದಕ್ಕೂ ಕೆಂಪು ಲಾಕ್‌ಟೈಟ್ ಸುರೀತೀವಿ! ಮುಂದೆ ಬಿಚ್ಚೋವಾಗ 250 ಡಿಗ್ರಿಯಷ್ಟು ಕಾಯಿಸಬೇಕು. ಬಿಚ್ಚಿ ಹಾಕೋ ಕಡೆ ನೀಲಿ ಸಾಕು, ಅದೂ ಒಂದೇ ಹನಿ, ಎಣ್ಣೆ ಜಿಡ್ಡು ಒರೆಸಿದ ಮೇಲೆ. ಮಡಚುವ ಲಾಕ್ ವಾಷರ್ ಇರೋ ಕಡೆ ಹೊಸದನ್ನೇ ಹಾಕಿ. ಹಳೇದನ್ನೇ ಮತ್ತೆ ಬಡಿದು ಮಡಚಿದರೆ ಕಿವಿ ಮುರಿದು ಕ್ಲಚ್ಚಿನೊಳಗೆ ಬೀಳುತ್ತೆ.

"ನಮ್ಮ ಕೈಗೇ ಗೊತ್ತಾಗುತ್ತೆ" ಅನ್ನೋ ಹಳೇ ಉಸ್ತಾದರ ಬಗ್ಗೆ ನನಗೆ ಗೌರವ ಇದೆ. ಆದರೆ ನಾವು ಹಾಕೋ ಬಲದಲ್ಲಿ ಹೆಚ್ಚುಕಮ್ಮಿ ಶೇ. 90 ಬರೀ ಘರ್ಷಣೆಗೇ ಹೋಗುತ್ತೆ. ಥ್ರೆಡ್ಡಿಗೆ ಎಣ್ಣೆ ಬಿದ್ದರೆ ಲೆಕ್ಕವೇ ಬದಲು. ಟಾರ್ಕ್ ರೆಂಚೇ ಮೋಸ ಹೋಗುತ್ತೆ, ಇನ್ನು ಕೈ ಯಾವ ಲೆಕ್ಕ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಈ ಕೇಸು ಇನ್ನು ಅಲ್ಲಿಂದ ಬರಲ್ಲ. ನನ್ನದಕ್ಕೆ ಹೆಲಿಕಾಯಿಲ್ ಕೂರಿಸಿದ್ದಾಯ್ತು. ನಿಮ್ಮ ಮನೇಲೂ ಅಪ್ಪನದೋ ತಾತನದೋ ಗಾಡಿ ಇದ್ದರೆ ಒಂದೇ ಮಾತು: ಮೆಕ್ಯಾನಿಕ್ "ಇನ್ನೊಂದು ಸುತ್ತು ಹಾಕಿ ನೋಡ್ಲಾ ಸಾರ್?" ಅಂದಾಗ, ಮುಲಾಜಿಲ್ಲದೆ "ಬೇಡ" ಅನ್ನಿ.